ಹಾಳೆಯ ಆಚೆ ನಿಂತವರು

ಅವತ್ತು ಮಂಗಳವಾರ. ಮದುವೆ ಸೀಸನ್ ಇನ್ನೂ ಮುಗಿದಿರಲಿಲ್ಲ. ಮಧುಗಿರಿಯಲ್ಲಿ ಬಿಸಿಲು ಬೆಟ್ಟದ ಕಲ್ಲಿಗೆ ಹೊಡೆದು ಮತ್ತೆ ಊರಿನ ಮೇಲೇ ಬೀಳುವ ಕಾಲ. ನಮ್ಮ ಪ್ರೆಸ್ಸಿನ ಶಟರನ್ನು ಅರ್ಧ ಇಳಿಸಿಕೊಂಡು ನಾನು ಒಳಗೆ ಲಗ್ನಪತ್ರಿಕೆಗಳನ್ನು ಕತ್ತರಿಸುತ್ತಿದ್ದೆ. ನನ್ನ ತಂಗಿ ಕಂಪ್ಯೂಟರ್ ಮುಂದೆ ಕೂತು ಪಾವಗಡದವರ ಗೃಹಪ್ರವೇಶದ ಕಾರ್ಡಿಗೆ ಒಂದು ಬದಿ ಕನ್ನಡ, ಇನ್ನೊಂದು ಬದಿ ತೆಲುಗು ಜೋಡಿಸುತ್ತಿದ್ದಳು. ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ಖಾರಾಪುರಿ. ಅವಳ ಕೈ ಮೌಸಿನಿಂದ ಪೊಟ್ಟಣಕ್ಕೆ, ಪೊಟ್ಟಣದಿಂದ ಮೌಸಿಗೆ ಓಡಾಡುತ್ತಿತ್ತು. ಮೌಸಿಗೆ ಎಣ್ಣೆ ಮೆತ್ತಿತು ಅಂತ ನಾನು ಬೈಯುವುದು, ಅವಳು ವೇಲಿನಲ್ಲಿ ಒರೆಸುವುದು ದಿನವೂ ಇದ್ದದ್ದೇ.

ಅಷ್ಟರಲ್ಲಿ ಅವಳ ಫೋನಿಗೆ ಸಾಫ್ಟ್‌ವೇರಿನ ಬಾಡಿಗೆಯ ಮೆಸೇಜು ಬಂತು. ಪತ್ರಿಕೆ, ಬ್ಯಾನರು ಎಲ್ಲ ಡಿಸೈನ್ ಮಾಡುತ್ತಿದ್ದ ಆ ಸಾಫ್ಟ್‌ವೇರನ್ನು ಅವಳು ವರ್ಷದ ಬಾಡಿಗೆಗೆ ತೆಗೆದುಕೊಂಡಿದ್ದಳು. ನನಗೆ ಅದು ಮೊದಲಿನಿಂದಲೂ ಸರಿಬರುತ್ತಿರಲಿಲ್ಲ.

"ಬಂತಾ ನಿಮ್ ಓನರ್ ಕಾಗ್ದ?" ಎಂದೆ.

"ಬಂತು. ಈ ತಿಂಗ್ಳು ಕಳೀತಿದ್ದಂಗೆ ಕಟ್ಬೇಕಂತೆ."

"ನಾನು ನನ್ ಸಾಫ್ಟ್‌ವೇರ್ ಕೊಂಡಾಗ ಒಂದ್ಸಲ ಕೊಟ್ಟೆ, ಮುಗೀತು. ಇವತ್ತಿಗೂ ಒಬ್ರೂ ಬಂದು ಕೇಳಿಲ್ಲ."

"ಕೇಳಾಕೆ ಅದು ನಡೀಬೇಕಲ್ಲಣ್ಣ. ಹಳೇ ಕಂಪ್ಯೂಟರ್ ಜೊತೆ ಅಟ್ಟದ ಮೇಲೆ ಮಲಗೈತೆ."

"ಮಲಗಿದ್ರೂ ನಂದೇ. ಬಾಡಿಗೇದು ಯಾವತ್ತಿದ್ರೂ ಖಾಲಿ ಮಾಡಿಸ್ತಾರೆ ಕಣಮ್ಮ."

"ಅಂಗ್ಡಿನೇ ಬಾಡಿಗೇದು. ಅಪ್ಪನ ಕಾಲ್ದಿಂದ ಕಟ್ತಾ ಇದೀಯ. ಇದ್ರೊಳಗೆ ಕೂತ್ಕಂಡು ಸಾಫ್ಟ್‌ವೇರ್ ಮಾತ್ರ ಸ್ವಂತದ್ದಾಗ್ಬೇಕಾ ನಿಂಗೆ?"

ನಾನು ಕಟಿಂಗ್ ಮೆಷಿನ್ನಿನ ಹಿಡಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದೆ. ಅವಳು ಪರದೆಯಿಂದ ಕಣ್ಣು ತೆಗೆಯದೆ ನಕ್ಕಳು.

ಸಂಜೆ ಅವಳ ಗಂಡನ ಬಸ್ಸು ನಮ್ಮ ಅಂಗಡಿಯ ಮುಂದೆ ನಿಧಾನವಾಯಿತು. ಅವನು ಪಾವಗಡದ ರೂಟಿನಲ್ಲಿ ಖಾಸಗಿ ಬಸ್ಸಿನ ಕಂಡಕ್ಟರ್. ನಮ್ಮ ಪ್ರೂಫುಗಳು, ಕಟ್ಟಿದ ಪತ್ರಿಕೆಯ ಬಂಡಲುಗಳು ಎಲ್ಲ ಅವನ ಬಸ್ಸಿನ ಟಾಪಿನ ಮೇಲೋ, ಡ್ರೈವರಿನ ಸೀಟಿನ ಹಿಂದೋ ಪ್ರಯಾಣ ಮಾಡಿದವೇ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು, "ತೆಲುಗು ಕಡೇದು ಬೆಳಿಗ್ಗೆ ಇನ್ನೊಂದ್ಸಲ ನೋಡ್ತೀನಿ. ಅವಸರ ಬಿದ್ದು ಮೆಷಿನ್ನಿಗೆ ಹಾಕ್ಬುಡಬೇಡ" ಎಂದು ಹೇಳಿ ಹತ್ತಿದಳು.

ಮಾರನೆಯ ದಿನ ಅಂಗಡಿಗೆ ಬರುವ ದಾರಿಯಲ್ಲಿ ಎದೆ ಹಿಡಿದುಕೊಂಡು ಕೂತಳಂತೆ. ತುಮಕೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆ ದಿನದ ಬಗ್ಗೆ ನಾನು ಇಷ್ಟೇ ಬರೆಯುತ್ತೇನೆ. ಬರೆಯಬೇಕೆಂದು ಕೂತದ್ದು ಅವಳು ಇದ್ದ ದಿನಗಳನ್ನು, ಮತ್ತು ಆಮೇಲೆ ಅವಳ ಫೈಲುಗಳಿಗೆ ಏನಾಯಿತು ಎನ್ನುವುದನ್ನು.

ನಾನು ಸಾಫ್ಟ್‌ವೇರ್ ಕೊಂಡ ಕಾಲದಲ್ಲಿ ನಮ್ಮ ಕಡೆ ಯಾರೂ ಕೊಳ್ಳುತ್ತಿರಲಿಲ್ಲ. ಸಿರಾ, ಕೊರಟಗೆರೆ, ಎಲ್ಲಿ ನೋಡಿದರೂ ಯಾರದೋ ಸಿಡಿಯಿಂದ ಇನ್ಯಾರೋ ಕಾಪಿ ಮಾಡಿಕೊಂಡದ್ದೇ. ನಾನು ಹತ್ತನೇ ಕ್ಲಾಸಿನವರೆಗೆ ಓದಿದವನು. ಕಾಪಿ ಎಂದರೆ ಪರೀಕ್ಷೆಯಲ್ಲಿ ಮಾಡುವ ತಪ್ಪು ಅಂತ ತಲೆಯಲ್ಲಿ ಕೂತಿತ್ತು. ಬೆಂಗಳೂರಿಗೆ ಹೋಗಿ ಡಬ್ಬದ ಸಮೇತ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಪಕ್ಕದಲ್ಲಿ ಕೂತವರು ಸ್ವೀಟಾ ಎಂದು ಕೇಳಿದರು. ಡಬ್ಬದ ಒಳಗೆ ಒಂದು ಸಿಡಿ, ಒಂದು ಪುಸ್ತಕ, ಹಿಂಬದಿಯಲ್ಲಿ ಉದ್ದದ ನಂಬರು. ಅಷ್ಟೇ ಇತ್ತು. ಆದರೂ ತೂಕವಾಗಿತ್ತು.

ಆ ವರ್ಷದ ಆಯುಧಪೂಜೆಗೆ ಮೆಷಿನ್ನಿನ ಪಕ್ಕದಲ್ಲಿ ಡಬ್ಬವನ್ನೂ ಇಟ್ಟು ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂವು ಏರಿಸಿದೆ. ಆಮೇಲೆ ಪ್ರತಿ ವರ್ಷವೂ. ತಂಗಿ ಬಾಡಿಗೆಯ ಸಾಫ್ಟ್‌ವೇರಿಗೆ ಹೋದ ವರ್ಷ ನಾನು ಕುಂಕುಮದ ಬಟ್ಟಲು ಹಿಡಿದು, "ನಿಂದಕ್ಕೆ ಎಲ್ಲಿ ಇಡ್ಲಮ್ಮ? ಡಬ್ಬಾನೂ ಇಲ್ಲ, ಸಿಡಿನೂ ಇಲ್ಲ. ಗಾಳಿಗೆ ಇಡ್ಲಾ?" ಎಂದು ಕೇಳಿದೆ.

ಅವಳು ಬಟ್ಟಲು ಕಿತ್ತುಕೊಂಡು ನನ್ನ ಹಣೆಗೆ ಇಟ್ಟಳು. "ಇಲ್ಲಿ. ಎಲ್ಲಾ ರಿಪೇರಿ ಇಲ್ಲೇ ಬೇಕಾಗಿರೋದು."

ಅವಳು ಬಾಡಿಗೆಗೆ ಹೋಗಿದ್ದಕ್ಕೆ ಕಾರಣ ಇತ್ತು. ಹಳೆಯ ಕಂಪ್ಯೂಟರ್ ಸೋತಿತ್ತು, ಹೊಸದರಲ್ಲಿ ನನ್ನ ಸಿಡಿ ಓಡಲಿಲ್ಲ. ಹೊಸ ಕನ್ನಡ ಅಕ್ಷರಗಳನ್ನು ಹಾಕಿದರೆ ಹಳೆಯದರಲ್ಲಿ ಒತ್ತಕ್ಷರಗಳು ಪಕ್ಕಕ್ಕೆ ಸರಿದು ಬೇರೆ ಮನೆಯವರಂತೆ ನಿಲ್ಲುತ್ತಿದ್ದವು. ತುಮಕೂರಿನ ಫ್ಲೆಕ್ಸ್‌ನವರು ಹೊಸದರಲ್ಲಿ ಮಾಡಿ ಕಳಿಸಿ ಎನ್ನುತ್ತಿದ್ದರು. ನಾನು ಇದಕ್ಕೆಲ್ಲ ಹ್ಞೂ ಅಂದೆ, ಒಪ್ಪಲಿಲ್ಲ. ಕೊಂಡದ್ದು ನಮ್ಮದು, ಬಾಡಿಗೆಯದು ಅವರದು. ಇದರಲ್ಲಿ ತಿಳಿಯದಿರುವುದು ಏನಿದೆ ಎನ್ನುವುದು ನನ್ನ ವಾದ. ಅವಳ ವಾದ ಬೇರೆ. "ನೀನು ಕೊಂಡಿರೋದು ಡಬ್ಬ. ನಂಗೆ ಬೇಕಾಗಿರೋದು ಕೆಲ್ಸ."

ಅವಳ ಕೆಲಸದ ಒಂದು ರೀತಿಯನ್ನು ಹೇಳಬೇಕು. ನಮ್ಮ ಕಡೆ ಯಾವ ಮನೆಯವರೂ ಪತ್ರಿಕೆಯನ್ನು ಹೊಸದಾಗಿ ಮಾಡಿಸುವುದಿಲ್ಲ. ಬಂದು ಕೂತು, "ನಮ್ ದೊಡ್ಡ ಹುಡ್ಗಿ ಮದ್ವೇದು ತೆಗೀರಿ" ಎನ್ನುತ್ತಾರೆ. ಆ ಫೈಲನ್ನು ತೆರೆದು, ಗಂಡು ಹೆಣ್ಣಿನ ಹೆಸರು, ಮುಹೂರ್ತ, ಕಲ್ಯಾಣಮಂಟಪ ಬದಲಾಯಿಸಿದರೆ ಚಿಕ್ಕ ಹುಡುಗಿಯದು ತಯಾರು. ಕಷ್ಟ ಇರುವುದು ಕೆಳಗಡೆ, ಸುಖಾಗಮನ ಬಯಸುವವರ ಸಾಲಿನಲ್ಲಿ. ಅಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರದು ಇಲ್ಲ ಎಂಬುದರ ಮೇಲೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಪ್ರೂಫಿನ ದಿನ, "ಅವ್ನ ಹೆಸ್ರು ತೆಗ್ದಾಕಮ್ಮ" ಎಂದು ಹೇಳಿ ಹೋದವರು, ಮೆಷಿನ್ನಿಗೆ ಹಾಕುವ ದಿನ ಫೋನ್ ಮಾಡಿ, "ಇರ್ಲಿ, ಹಾಕ್ಬುಡು" ಎನ್ನುತ್ತಾರೆ.

ಆದ್ದರಿಂದ ನನ್ನ ತಂಗಿ ಯಾರ ಹೆಸರನ್ನೂ ಅಳಿಸುತ್ತಿರಲಿಲ್ಲ. ಡಿಸೈನ್ ಮಾಡುವ ಪರದೆಯಲ್ಲಿ ನಡುವೆ ಹಾಳೆ ಇರುತ್ತದೆ. ಅದರ ಸುತ್ತ ಖಾಲಿ ಜಾಗ ಇರುತ್ತದೆ, ಮನೆಯ ಸುತ್ತ ಅಂಗಳ ಇದ್ದ ಹಾಗೆ. ಅಲ್ಲಿ ಇಟ್ಟದ್ದು ಅಚ್ಚಾಗುವುದಿಲ್ಲ. ಸಿಟ್ಟಿಗೆ ಗುರಿಯಾದವರನ್ನು ಎಳೆದು ಅಲ್ಲಿ ನಿಲ್ಲಿಸುತ್ತಿದ್ದಳು. "ಮದ್ವೆ ಹೊತ್ಗೆ ರಾಜಿ ಆಗ್ತಾರೆ ಬುಡು. ಮತ್ತೆ ಟೈಪ್ ಮಾಡೋನ್ಯಾರು?" ಎನ್ನುತ್ತಿದ್ದಳು. ಹೆಚ್ಚಿನವರು ರಾಜಿಯಾಗುತ್ತಿದ್ದರು.

ಅವಳು ಹೋದ ಮೇಲೆ ನಾನು ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿದೆ. ಡಿಸೈನನ್ನು ಸಿರಾದ ಒಬ್ಬರ ಹತ್ತಿರ ಮಾಡಿಸಿ ತಂದು, ಅಚ್ಚು ಮಾತ್ರ ಹಾಕಿಕೊಡುತ್ತಿದ್ದೆ. ಅವಳ ಶಿವಗಣಾರಾಧನೆಯ ಪತ್ರಿಕೆಯೂ ಅಲ್ಲಿಯದೇ. ಅಕ್ಷರ ತೀರಾ ಸಣ್ಣದಾಗಿತ್ತು, ಸುತ್ತ ಎರಡೆರಡು ಗೆರೆ. ಅವಳು ನೋಡಿದ್ದರೆ ನನ್ನನ್ನು ಬಿಡುತ್ತಿರಲಿಲ್ಲ.

ಹೀಗಿರುವಾಗ ಪುರವರದ ಕಡೆಯಿಂದ ಒಬ್ಬ ಯಜಮಾನರು ಮೊಮ್ಮಗಳನ್ನು ಕರೆದುಕೊಂಡು ಬಂದರು. ಮೊಮ್ಮಗಳದೇ ಮದುವೆ. ಅವರದು ದಾಳಿಂಬೆ ತೋಟ. ಆ ಮನೆಗೆ ನನ್ನ ತಂಗಿ ಎಲ್ಲರ ಪತ್ರಿಕೆಯಲ್ಲಿ ಇರುವ ನವಿಲು ಬೇಡವೆಂದು, ಕಾಯಿ ಬಿಟ್ಟ ದಾಳಿಂಬೆ ಕೊಂಬೆಯೊಂದನ್ನು ತಾನೇ ಬರೆದುಕೊಟ್ಟಿದ್ದಳು. ಅವರ ಮಗಳ ಮದುವೆಗೆ ಅದೇ, ಕಿರಿಮಗನ ಮದುವೆಗೂ ಅದೇ.

"ನಮ್ ದಾಳಿಂಬೆ ಪತ್ರಿಕೆ ಬೇಕಪ್ಪ" ಎಂದರು ಯಜಮಾನರು. "ಅದು ಹೊಡ್ಸಿದ್ ಮದ್ವೆಗಳೆಲ್ಲ ತಣ್ಣಗವೆ. ಬೇರೇದು ನಮ್ಗೆ ಆಗಲ್ಲ."

"ಸಿರಾದಲ್ಲಿ ಹೊಸದು ಮಾಡಿಸ್ಕೊಡ್ತೀನಿ ಯಜಮಾನ್ರೆ."

"ಸಿರಾದೋರಿಗೆ ನಮ್ ತೋಟ ಗೊತ್ತೈತಾ?"

ಅವರು ಜೇಬಿನಿಂದ ಮಗನ ಮದುವೆಯ ಪತ್ರಿಕೆ ತೆಗೆದರು. ಮೂಲೆಗಳಿಗೆ ಹಚ್ಚಿದ ಅರಿಸಿನ ಒಳಗೆಲ್ಲ ಹರಡಿತ್ತು. ಅದನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ದಾಳಿಂಬೆಯ ಮೇಲೆಲ್ಲ ಸಿಡುಬು ಎದ್ದಂತೆ ಚುಕ್ಕೆ ಬರುತ್ತದೆ. ಫೈಲೇ ಬೇಕು. ನೋಡುತ್ತೇನೆ ಎಂದು ಹೇಳಿ ಕಳಿಸಿದೆ.

ಬಟ್ಟೆ ತೆಗೆದು ಕಂಪ್ಯೂಟರ್ ಹಾಕಿದೆ. ಫೈಲು ಇತ್ತು. ನಮ್ಮ ಕಂಪ್ಯೂಟರಿನಲ್ಲೇ, ನನ್ನ ಕಣ್ಣೆದುರಿಗೇ, ಮನೆಯ ಹೆಸರು ಬರೆದು ಇಟ್ಟಿದ್ದಳು. ಒತ್ತಿದರೆ ಸಾಫ್ಟ್‌ವೇರು ತೆರೆಯಲಿಲ್ಲ. ನಿಮ್ಮ ಅವಧಿ ಮುಗಿದಿದೆ, ಹಣ ಕಟ್ಟಿ ಮುಂದುವರಿಸಿ ಎಂದಿತು. ಆವಾಗ ನನಗೆ ಗೊತ್ತಾದದ್ದು ಏನೆಂದರೆ, ಮುಚ್ಚಿಹೋದದ್ದು ದಾಳಿಂಬೆ ಪತ್ರಿಕೆ ಒಂದೇ ಅಲ್ಲ. ಇಷ್ಟು ವರ್ಷ ಅವಳು ಕೂತು ಮಾಡಿದ್ದೆಲ್ಲವೂ. ಪೆಟ್ಟಿಗೆ ನಮ್ಮ ಮನೆಯಲ್ಲಿದೆ, ಬೀಗದಕೈ ಇನ್ನೊಬ್ಬರ ಹತ್ತಿರ ಇದೆ. ಇದನ್ನೇ ಅಲ್ಲವೇ ನಾನು ಹೇಳುತ್ತಿದ್ದದ್ದು ಎಂದು ಅವಳ ಖಾಲಿ ಕುರ್ಚಿಯ ಕಡೆ ನೋಡಿದೆ. ಗೆದ್ದ ಹಾಗೆ ಅನಿಸಲಿಲ್ಲ.

ಆದರೂ ಹಟ ಬಿಡಲಿಲ್ಲ. ಅಟ್ಟ ಹತ್ತಿ ಹಳೆಯ ಕಂಪ್ಯೂಟರನ್ನು ಇಳಿಸಿದೆ. ಒಂದು ಗೋಣಿಯಷ್ಟು ಧೂಳು. ಬಜಾರಿನ ರಿಪೇರಿಯವರು ಊದಿ, ಒರೆಸಿ, ಏನೋ ಒಂದು ಬದಲಾಯಿಸಿ ಹಾಕಿದರು. ಅದು ಕೆಮ್ಮಿಕೊಂಡು ಎದ್ದಿತು. ನನ್ನ ಸ್ವಂತದ ಸಾಫ್ಟ್‌ವೇರು ತೆರೆದುಕೊಂಡಿತು, ಅದೇ ಹಳೆಯ ಬಣ್ಣ, ಅದೇ ಬಲೂನಿನಂಥ ಚಿತ್ರ. ನನಗೆ ಎಷ್ಟು ಖುಷಿಯಾಯಿತೆಂದರೆ, ರಿಪೇರಿಯವರಿಗೆ ಟೀ ಜೊತೆ ಬೋಂಡವನ್ನೂ ತರಿಸಿದೆ. ಪೆನ್‌ಡ್ರೈವಿನಲ್ಲಿ ದಾಳಿಂಬೆ ಫೈಲನ್ನು ತಂದು ಹಾಕಿದೆ. ಈ ಫೈಲು ನನಗೆ ಗೊತ್ತಿಲ್ಲ ಎಂದಿತು.

"ಮೊದ್ಲು ಇದ್ರಲ್ಲೇ ಮಾಡಿದ್ದಲ್ವಾ ಇದನ್ನ?" ಎಂದೆ.

ರಿಪೇರಿಯವರು ಬೋಂಡ ಅಗಿಯುತ್ತಾ, "ಹೊಸದ್ರಲ್ಲಿ ಒಂದ್ಸಲ ಸೇವ್ ಮಾಡಿದ್ರೆ ಮುಗೀತಣ್ಣ. ಗಂಡನ ಮನೆಗೆ ಕೊಟ್ಟಂಗೆ. ಇನ್ನು ಈ ಮನೆಗೆ ಬರಲ್ಲ" ಎಂದರು.

ಮಗಳ ಮದುವೆಯದಾದರೂ, ಮೊದಲು ಮಾಡಿದ್ದು, ಇದರಲ್ಲಿ ಸಿಗುತ್ತದೇನೋ ಎಂದು ಹುಡುಕಿದೆ. ಅವಳು ಹೊಸದಕ್ಕೆ ಹೋಗುವಾಗ ಎಲ್ಲವನ್ನೂ ಸಾಗಿಸಿ ಇದನ್ನು ಖಾಲಿ ಮಾಡಿದ್ದಳು. ಸಾಫ್ಟ್‌ವೇರು ನನ್ನದೇ, ಯಾರೂ ಕಿತ್ತುಕೊಳ್ಳುವಂತಿಲ್ಲ, ತೆರೆಯುವುದಕ್ಕೆ ಅದರೊಳಗೆ ಏನೂ ಇಲ್ಲ.

ತಂಗಿಯ ಗಂಡನಿಗೆ ಫೋನ್ ಮಾಡಿದೆ. ಅವನು ರಜೆಯ ದಿನ ಬಂದ. ಬಾಡಿಗೆ ಅವಳ ಹೆಸರಿನಲ್ಲಿದೆ, ಪಾಸ್‌ವರ್ಡ್ ಗೊತ್ತಿಲ್ಲ, ಮರೆತಿದ್ದೇನೆ ಎಂದು ಒತ್ತಿದರೆ ಅವಳ ನಂಬರಿಗೆ ಓಟಿಪಿ ಹೋಗುತ್ತದಂತೆ, ಆ ನಂಬರು ಈಗ ಯಾರ ಪಾಲಾಗಿದೆಯೋ ಎಂದು ಹೇಳಿದೆ. ಅವನು ಶರ್ಟಿನ ಒಳಜೇಬಿನಿಂದ ಅವಳ ಫೋನನ್ನು ತೆಗೆದು ಮೇಜಿನ ಮೇಲೆ ಇಟ್ಟ. ಪೂರಾ ಚಾರ್ಜಿನಲ್ಲಿತ್ತು.

"ರೀಚಾರ್ಜ್ ಮಾಡಿಸ್ತಾ ಇದೀರಾ?"

"ಹ್ಞೂ ಭಾವ."

"ಯಾರಾದ್ರೂ ಮಾಡ್ತಾರಾ ಅದಕ್ಕೆ ಫೋನು?"

"ಯಾರೂ ಮಾಡಲ್ಲ. ಅವ್ಳ ನಂಬರು ಬೇರೆಯೋರ್ಗೆ ಹೋಗೋದು ಬ್ಯಾಡ ಅಂತ."

ನಾನು ಫೋನನ್ನು ಕೀಬೋರ್ಡಿನ ಪಕ್ಕಕ್ಕೆ ಸರಿಸಿದೆ. ಮರೆತಿದ್ದೇನೆ ಎಂದು ಒತ್ತಿದೆವು. ಮೇಜಿನ ಮೇಲೆ ಅವಳ ಫೋನು ಟಿಂಗ್ ಎಂದಿತು. ಇಬ್ಬರೂ ಬೆಚ್ಚಿದೆವು, ಆಮೇಲೆ ನಗು ಬಂತು. ಹೊಸ ಪಾಸ್‌ವರ್ಡ್ ಹಾಕಿ, ನನ್ನ ಖಾತೆಯಿಂದ ಒಂದು ತಿಂಗಳಿಗೆ ಕಟ್ಟಿದೆ. ಒಂದು ತಿಂಗಳಷ್ಟೇ, ದಾಳಿಂಬೆಯವರ ಕೆಲಸ ಮುಗಿಯುವವರೆಗೆ ಎಂದು ಜೋರಾಗಿ ಹೇಳಿದೆ, ಯಾರೂ ಕೇಳದಿದ್ದರೂ.

ಯಜಮಾನರೂ ಮೊಮ್ಮಗಳೂ ಮತ್ತೆ ಬಂದ ದಿನ ಫೈಲನ್ನು ಅವರೆದುರಿಗೇ ತೆರೆದೆ. ಕೊಂಬೆ, ಕಾಯಿ, ಒಡೆದ ಒಂದು ಹಣ್ಣು, ಎಲ್ಲ ಹಾಗೇ ಇತ್ತು. ಕೆಂಪು ಹೊಳೆಯುತ್ತಿತ್ತು. ಹಾಳೆಯ ಆಚೆ, ಬೂದುಬಣ್ಣದ ಜಾಗದಲ್ಲಿ, ಒಂದು ಹೆಸರು ಒಂಟಿಯಾಗಿ ನಿಂತಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ತಂಗಿ 'ಸದ್ಯಕ್ಕೆ ಆಚೆ' ಎಂದು ಟೈಪ್ ಮಾಡಿದ್ದಳು. ಅದು ಯಜಮಾನರ ಸ್ವಂತ ತಮ್ಮನ ಹೆಸರು. ಮಗನ ಮದುವೆಯ ಹೊತ್ತಿಗೆ ಹೊಲದ ಬದುವಿನ ಮೇಲೆ ಜಗಳವಾಗಿ, ಅವರು ಸಿರಾ ಸೇರಿಕೊಂಡು ಈ ಕಡೆ ಬರುವುದನ್ನೇ ಬಿಟ್ಟಿದ್ದರು.

ಯಜಮಾನರು ಕನ್ನಡಕ ಮೇಲೆ ಸರಿಸಿ, ಪರದೆಯ ಹತ್ತಿರಕ್ಕೆ ಬಂದರು.

"ಇವ್ನು ಇನ್ನೂ ಇಲ್ಲೇ ಅವ್ನಾ?"

"ಅವ್ಳು ಯಾರನ್ನೂ ಅಳಿಸ್ತಿರ್ಲಿಲ್ಲ ಯಜಮಾನ್ರೆ. ಆಚೆ ನಿಲ್ಲಿಸ್ತಿದ್ಳು."

"ಅವತ್ತಿಂದನೂ?"

"ಅವತ್ತಿಂದನೂ."

"ಬಿಸ್ಲಲ್ಲಿ ನಿಲ್ಸಿದಂಗೈತಲ್ಲಪ್ಪ" ಎಂದು ಅವರು ಕುರ್ಚಿಯ ಮೇಲೆ ಕೂತರು.

ಮೊಮ್ಮಗಳು, "ಒಳಕ್ಕೆ ಕರ್ಕೊಳಿ ತಾತ. ಸಿರಾ ತಾತ ಬರ್ದೇ ಇದ್ರೆ ನಾನು ಹಸೆ ಮೇಲೆ ಕೂರಲ್ಲ" ಎಂದಳು.

"ನೀನು ಹೆಂಗಿದ್ರೂ ಕೂರ್ತೀಯ ಬುಡು. ಹುಡ್ಗನ್ ಫೋಟೋ ನೋಡ್ದಾಗ್ಲಿಂದ ಕೂರಾಕೇ ಕಾಯ್ತಿದೀಯ."

"ತಾತ!"

"ಎಳಿಯಪ್ಪ ಒಳಕ್ಕೆ" ಎಂದರು ನನಗೆ. "ಮೇಲೆ ಬ್ಯಾಡ. ನನ್ ಕೆಳಗೆ. ಅಂಟಿಕೊಂಡಂಗೂ ಬ್ಯಾಡ, ಒಂಚೂರು ಜಾಗ ಬುಡು."

ನನಗೆ ಮೌಸಿನ ಕೆಲಸ ಬಾರದು. ನಾನು ಹೆಸರನ್ನು ಎಳೆಯಲು ಹೋಗಿ ದಾಳಿಂಬೆ ಕೊಂಬೆಯನ್ನೇ ಎಳೆದುಬಿಟ್ಟೆ. ಮೊಮ್ಮಗಳು ಬಿ.ಕಾಂ. ಓದಿದವಳು, "ಕೊಡಿ ಅಂಕಲ್" ಎಂದು ತಾನೇ ಕೂತಳು. ಚಿಕ್ಕ ತಾತನನ್ನು ಒಳಗೆ ತಂದು ನಿಲ್ಲಿಸಿದಳು. ತನ್ನ ಹೆಸರು, ಹುಡುಗನ ಹೆಸರು, ಮುಹೂರ್ತ, ಕೊರಟಗೆರೆಯ ಕಲ್ಯಾಣಮಂಟಪ, ಎಲ್ಲವನ್ನೂ ತಾನೇ ಹೊಡೆದಳು. ಹುಡುಗನ ಹೆಸರನ್ನು ಹೊಡೆಯುವಾಗ ಮಾತ್ರ ಅಕ್ಷರ ಒಂದು ಚೂರು ದೊಡ್ಡದಾಯಿತು. ತಾತ ಅದನ್ನು ನೋಡಿ ನೋಡದಂತೆ ಹೊರಗೆ ಬೀಡಿ ಹಚ್ಚಲು ಹೋದರು.

ಪ್ರೂಫು ಅವರ ಮನೆಗೆ ಹೋಯಿತು. ಅಲ್ಲಿ ಯಜಮಾನರು ಜೋರಾಗಿ ಓದಿದರಂತೆ, ಮನೆಯವರೆಲ್ಲ ಸುತ್ತ ಕೂತು ತಂತಮ್ಮ ಹೆಸರು ಬರುವವರೆಗೆ ಉಸಿರು ಹಿಡಿದು ಕೇಳಿದರಂತೆ. ಸರಿಯಾಗಿದೆ ಎಂದು ಫೋನು ಬಂತು. ಅಚ್ಚು ಹಾಕಿ, ಒಣಗಿಸಿ, ಬಂಡಲ್ ಕಟ್ಟಿ ಕೊಟ್ಟೆ. ಪಾವಗಡ, ಸಿರಾ, ಪಟ್ಟನಾಯಕನಹಳ್ಳಿಯ ಕಡೆಯ ನೆಂಟರಿಗೆಲ್ಲ ಹಂಚಿಯೂ ಆಯಿತು. ಆಮೇಲೆ ಒಂದು ಮಧ್ಯಾಹ್ನ ಮದುವಣಗಿತ್ತಿಯ ಫೋನು. ನಗು ತಡೆಯಲಾರದೆ ಮಾತೇ ಬರುತ್ತಿಲ್ಲ.

ವಿಷಯ ಇಷ್ಟು. ನಮ್ಮ ಪತ್ರಿಕೆಗಳ ತೀರಾ ಕೆಳಗೆ ಮನೆಯ ಮಕ್ಕಳು ಕರೆಯುವ ಒಂದು ಸಾಲು ಇರುತ್ತದೆ. ಮಗನ ಮದುವೆಯದರಲ್ಲಿ 'ನಮ್ಮ ಚಿಕ್ಕಪ್ಪನ ಮದುವೆಗೆ ತಪ್ಪದೆ ಬನ್ನಿ' ಎಂದು ಇತ್ತು. ಈ ಹುಡುಗಿ ಚಿಕ್ಕಪ್ಪನ ಎಂಬುದನ್ನು ತೆಗೆದು 'ನಮ್ಮ ಅಕ್ಕನ' ಎಂದು ಹಾಕಿದ್ದಳು. ಅದರ ಮುಂದೆ ಇದ್ದ ಮಕ್ಕಳ ಹೆಸರುಗಳನ್ನು ಮುಟ್ಟಿರಲಿಲ್ಲ. ಅಂದು ಚಿಕ್ಕವಳಾಗಿದ್ದ ಅವಳದೇ ಹೆಸರು, ಮನೆಯಲ್ಲಿ ಕರೆಯುವ ಮುದ್ದಿನ ಹೆಸರು, ಮೊದಲಿಗೇ ಇತ್ತು. ಆ ಸಾಲಿನ ಅಕ್ಷರ ಸಣ್ಣದು, ಯಜಮಾನರ ಕನ್ನಡಕಕ್ಕೆ ಸಿಕ್ಕಿರಲಿಲ್ಲ. ಹೀಗೆ ಆ ಪತ್ರಿಕೆಯಲ್ಲಿ ಮದುವೆಯ ಹೆಣ್ಣು, ನಮ್ಮ ಅಕ್ಕನ ಮದುವೆಗೆ ತಪ್ಪದೆ ಬನ್ನಿ ಎಂದು ತಾನೇ ಊರಿಗೆಲ್ಲ ಕರೆ ಕೊಟ್ಟಿದ್ದಳು.

"ಬೇರೆ ಹೊಡೆದು ಕೊಡ್ತೀನಮ್ಮ" ಎಂದೆ.

"ಬೇಡ ಅಂಕಲ್. ಸಿರಾ ತಾತ ಅದನ್ನ ನೋಡೇ ಫೋನ್ ಮಾಡಿದ್ದು. ನಿನ್ ಅಕ್ಕನ್ ಮದ್ವೇಗೆ ಬರ್ತೀನಮ್ಮ, ಅವ್ಳಿಗೆ ಹೇಳು ಅಂದ್ರು. ಆಮೇಲೆ ನಮ್ ತಾತನ್ ಕೈಗೆ ಫೋನ್ ಕೊಟ್ಬುಟ್ಟೆ."

"ಏನ್ ಮಾತಾಡಿದ್ರು?"

"ಕಡ್ಲೆಕಾಯಿ ರೇಟು."

ಮದುವೆಗೆ ನಾನೂ ಹೋಗಿದ್ದೆ. ಅಣ್ಣತಮ್ಮಂದಿರು ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು, ಬಡಿಸುವವರಿಗೆ ಪಾಯಸ ನೀರಾಗಿದೆ ಎಂದು ಒಟ್ಟಿಗೆ ಬೈಯುತ್ತಿದ್ದರು.

ಅಲ್ಲಿಗೆ ತಿಂಗಳು ಮುಗಿಯುತ್ತಾ ಬಂದಿತ್ತು. ಬಾಡಿಗೆ ನಿಂತರೆ ಎಲ್ಲ ಮತ್ತೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಅವಳ ಎಲ್ಲ ಫೈಲುಗಳನ್ನೂ ಪಿಡಿಎಫ್ ಮಾಡಿ ಇಟ್ಟುಕೊಂಡುಬಿಟ್ಟರೆ ಅವು ನಮ್ಮವಾಗುತ್ತವೆ, ಯಾವ ಓನರಿನ ಹಂಗೂ ಇಲ್ಲ ಎಂದು ನಾನು ಲೆಕ್ಕ ಹಾಕಿದೆ. ತಂಗಿಯ ಗಂಡ ಬಿಡುವು ಸಿಕ್ಕಾಗಲೆಲ್ಲ ಬಂದು ಪಕ್ಕದಲ್ಲಿ ಕೂತ. ಒಂದೊಂದಾಗಿ ತೆರೆಯುತ್ತಾ ಹೋದೆವು.

ಆ ದಿನಗಳಷ್ಟು ನಾವಿಬ್ಬರೂ ಅವಳು ಹೋದ ಮೇಲೆ ನಕ್ಕಿದ್ದಿಲ್ಲ. ಪ್ರತಿಯೊಂದು ಹಾಳೆಯ ಆಚೆಯೂ ಏನಾದರೂ ಇತ್ತು. ಸಿರಾದ ಬಿರಿಯಾನಿ ಹೋಟೆಲಿನ ಬೋರ್ಡಿನ ಪಕ್ಕದಲ್ಲಿ, 'ಸಾಹೇಬ್ರು ಥೋಡಾ ಹರಾ ಅಂದ್ರು, ಒಂಚೂರು ಹಸಿರು ಹಾಕಿದೆ. ಇತ್ನಾ ನಹೀ ಅಂದ್ರು, ತೆಗೆದೆ. ಈಗ ಮೊದಲಿನದೇ ಚೆನ್ನಾಗಿತ್ತಂತೆ' ಎಂದು ಬರೆದಿದ್ದಳು. ಪಾವಗಡದ ನಾಮಕರಣದ ಕಾರ್ಡಿನ ಪಕ್ಕದಲ್ಲಿ, 'ಪರವಾಲೇದು ಅಂದ್ರು. ಅಂದ್ರೆ ಇಷ್ಟ ಆಗಿಲ್ಲ.' ಒಬ್ಬ ಲೀಡರರ ಹುಟ್ಟುಹಬ್ಬದ ಬ್ಯಾನರಿನ ಆಚೆ ಅವರ ಹೊಟ್ಟೆಯ ಒಂದು ತುಂಡನ್ನು ಕತ್ತರಿಸಿ ಇಟ್ಟು, 'ಅವರೇ ಕಮ್ಮಿ ಮಾಡು ಅಂದದ್ದು' ಎಂದಿದ್ದಳು. ನನಗೆಂದು ಎಷ್ಟೋ ಕಡೆ: 'ಅಣ್ಣ, ಕೆಂಪು ಇಂಕು ಸುರೀಬೇಡ.' 'ಅಣ್ಣ, ಕನ್ನಡಕ ಹಾಕ್ಕೊಂಡು ಕತ್ತರಿಸು.' ಒಂದು ಕಡೆ ಕಟಿಂಗ್ ಮೆಷಿನ್ನಿಗೆ ಮೀಸೆ ಬರೆದು ಕನ್ನಡಕ ತೊಡಿಸಿದ್ದಳು. ಅದು ಯಾರೆಂದು ಹೇಳಬೇಕಾಗಿರಲಿಲ್ಲ.

ಅವಳದೇ ಲಗ್ನಪತ್ರಿಕೆಯೂ ಸಿಕ್ಕಿತು. ಅದರ ಆಚೆ ಗಂಡನ ಹೆಸರು ಒಂದರ ಕೆಳಗೊಂದು, ಉರುಟಾದ ಅಕ್ಷರದಲ್ಲಿ, ಬಳುಕುವ ಅಕ್ಷರದಲ್ಲಿ, ಸಿನಿಮಾ ಪೋಸ್ಟರಿನಂಥ ಅಕ್ಷರದಲ್ಲಿ ತುಂಬಿಕೊಂಡಿತ್ತು. ಅವನು ನೋಡುತ್ತಾ ಕೂತ. ಅವನ ಕಿವಿ ಕೆಂಪಾಯಿತು.

"ಇದ್ಯಾವಾಗ ಮಾಡಿದ್ಳು ಭಾವ?"

"ಮದ್ವೆಗೆ ಮುಂಚೆನೇ ಇರ್ಬೇಕು."

"ನಂಗೆ ಮಾತ್ರ, ಅಣ್ಣ ಒಪ್ಪಿದ್ರು ಅದಕ್ಕೆ ಮಾಡ್ಕೊಂಡೆ ಅಂತಿದ್ಳು."

ನಾನು ಒಪ್ಪಿರಲೇ ಇಲ್ಲ ಎಂಬುದನ್ನು ಅವನಿಗೆ ಹೇಳಲಿಲ್ಲ. ಬಸ್ಸಿನ ಕಂಡಕ್ಟರ್ ಬೇಡ ಎಂದಿದ್ದೆ. ಅವಳು ಕೇಳದೆ ಪತ್ರಿಕೆ ಮಾಡಿ ನನ್ನ ಮೆಷಿನ್ನಿನ ಮೇಲೆ ತಂದು ಇಟ್ಟಿದ್ದಳು. ಅಷ್ಟು ಚೆನ್ನಾಗಿ ಮಾಡಿದ ಪತ್ರಿಕೆಯನ್ನು ಅಚ್ಚು ಹಾಕದೆ ಬಿಡಲು ನನಗೆ ಮನಸ್ಸಾಗಿರಲಿಲ್ಲ.

ಪಿಡಿಎಫ್ ಮಾಡಿದ್ದನ್ನು ತೆರೆದು ನೋಡಿದಾಗಲೇ ಗೊತ್ತಾದದ್ದು. ಹಾಳೆ ಇತ್ತು, ಅಚ್ಚುಕಟ್ಟಾಗಿತ್ತು. ಹಾಳೆಯ ಆಚೆ ಇದ್ದದ್ದು ಒಂದೂ ಇರಲಿಲ್ಲ. ಮೀಸೆಯ ಮೆಷಿನ್ನೂ ಇಲ್ಲ, ಕೆಂಪು ಸುರೀಬೇಡವೂ ಇಲ್ಲ. ಅಚ್ಚಿಗೆ ಬೇಕಾದ್ದನ್ನು ಮಾತ್ರ ಉಳಿಸಿಕೊಳ್ಳುವುದು ಅದರ ಕ್ರಮ. ನಾನು ಸ್ವಂತ ಮಾಡಿಕೊಳ್ಳಬಹುದಾದದ್ದು ಗಿರಾಕಿಗಳಿಗೆ ಮಾಡಿಕೊಟ್ಟದ್ದನ್ನು. ಅವಳು ನಮಗೆಂದು ಬಿಟ್ಟದ್ದೆಲ್ಲ ಬಾಡಿಗೆಯ ಕಡೆಗೇ ಉಳಿಯಿತು.

ಅವನು ಫೋನಿನಲ್ಲಿ ಪರದೆಯ ಫೋಟೋ ಹೊಡೆದುಕೊಂಡ. ಒಳ್ಳೆಯದೇ. ನಾನೂ ಕೆಲವನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಆದರೆ ಫೋಟೋದಲ್ಲಿ ಆಚೆ ನಿಂತವರನ್ನು ಹಿಡಿದು ಒಳಗೆ ಎಳೆಯಲಾಗುವುದಿಲ್ಲ. ಅವಳ ಫೈಲುಗಳಲ್ಲಿ ಈಗಲೂ ಎಷ್ಟೋ ಮನೆಗಳ ಅಣ್ಣಂದಿರು, ಷಡ್ಡಕರು, ಒಬ್ಬ ಸೋದರಮಾವ, ಕೊರಟಗೆರೆಯ ಒಂದಿಡೀ ಸಂಸಾರ ಹಾಗೇ ಆಚೆ ನಿಂತಿದ್ದಾರೆ. ಅವರ ಮನೆಗಳಲ್ಲಿ ಮಕ್ಕಳು ಬೆಳೆಯುತ್ತಿದ್ದಾರೆ. ಯಾವತ್ತಾದರೂ ಬಂದು, ಹಳೆಯದು ತೆಗೀರಿ ಎನ್ನುತ್ತಾರೆ.

ತಿಂಗಳ ಕೊನೆಯ ದಿನ ಬಾಡಿಗೆಯ ಮೆಸೇಜು, ಹಣ ಕಟ್ಟಿದವನು ನಾನಾದ್ದರಿಂದ, ನನ್ನ ಫೋನಿಗೆ ಬಂತು. ತಂಗಿಯ ಗಂಡ ಬಸ್ಸು ನಿಲ್ಲಿಸಿಕೊಂಡು ಬಾಗಿಲಿನಲ್ಲೇ ನಿಂತು, "ಖಾಲಿ ಮಾಡ್ತೀರಾ ಭಾವ?" ಎಂದು ಕೇಳಿದ. ಬಸ್ಸಿನೊಳಗಿಂದ ಜನ ಕೂಗುತ್ತಿದ್ದರು.

"ವರ್ಷಕ್ಕೆ ಕಟ್ಬುಟ್ಟೆ" ಎಂದೆ.

ಅವನು ಅಷ್ಟರಲ್ಲಿ ಬಾಯಿಗೆ ಸೀಟಿ ಇಟ್ಟುಕೊಂಡಿದ್ದರಿಂದ ನಗುವುದಕ್ಕೆ ಹೋಗಿ ಸೀಟಿ ಊದಿಬಿಟ್ಟ. ಬಸ್ಸು ಹೊರಟೇಬಿಟ್ಟಿತು. ಓಡಿ ಹೋಗಿ ಹತ್ತಿದ.

ಈಗ ನಾನೇ ನಿಧಾನವಾಗಿ ಡಿಸೈನ್ ಕಲಿಯುತ್ತಿದ್ದೇನೆ. ಬೆರಳು ಮಾತು ಕೇಳುವುದಿಲ್ಲ, ಪರವಾಗಿಲ್ಲ. ಗಿರಾಕಿಗಳು ಮತ್ತೆ ಬರುತ್ತಿದ್ದಾರೆ. ಬೆಳಿಗ್ಗೆ ಅಂಗಡಿ ತೆರೆದ ಮೇಲೆ ಕೆಲಸ ಶುರುವಾಗುವ ಮೊದಲು ಅವಳ ಒಂದು ಫೈಲು ತೆರೆದು ನೋಡುತ್ತೇನೆ. ಅವಳ ಅಕ್ಷರ ಇದೆ, ಅವಳು ಬರೆದ ಗೆರೆ ಇದೆ, ಅವಳು ಬೈದದ್ದೂ ಇದೆ. ಎಲ್ಲ ಟೈಪ್ ಮಾಡಿದ್ದು. ಅವಳ ಫೋನನ್ನೂ, ನಮ್ಮಿಬ್ಬರ ಫೋನುಗಳನ್ನೂ, ಕಂಪ್ಯೂಟರನ್ನೂ ಪೂರಾ ಹುಡುಕಿದ್ದೇವೆ. ಅವಳ ದನಿ ಎಲ್ಲೂ ಇಲ್ಲ.